ನಂದಿಬೆಟ್ಟದ ಏರಿನಲ್ಲಿ ನಾನೇಕೆ ಹಿಂದುಳಿಯುತ್ತೇನೆ?

ಪ್ರಶ್ನೆ: ನನಗೆ 47 ವರ್ಷ, ತೂಕ 78 ಕೆ.ಜಿ. ಎರಡು ವರ್ಷಗಳಿಂದ ಸೈಕಲ್ ತುಳಿಯುತ್ತಿದ್ದೇನೆ. ಆರು ತಿಂಗಳ ಹಿಂದೆ ಯಲಹಂಕದ ಒಂದು ಸೈಕಲ್ ಕ್ಲಬ್ ಸೇರಿದೆ. ಭಾನುವಾರದ ಸವಾರಿಗಳಲ್ಲಿ ಬಯಲು ರಸ್ತೆಯ ಮೇಲೆ ಗುಂಪಿನ ಜೊತೆ ಗಂಟೆಗೆ 28 ಕಿ.ಮೀ. ವೇಗದಲ್ಲಿ ತೊಂದರೆಯಿಲ್ಲದೆ ಹೋಗುತ್ತೇನೆ. ಆದರೆ ನಂದಿಬೆಟ್ಟಕ್ಕೆ ಹೋದ ಎರಡು ಸಲವೂ ಏರಿನ ಎರಡನೆಯ ಕಿಲೋಮೀಟರಿನಲ್ಲೇ ಹಿಂದೆ ಬಿದ್ದೆ. ಒಮ್ಮೆಯಂತೂ ಇಳಿದು ತಳ್ಳಿಕೊಂಡು ಹೋಗಬೇಕಾಯಿತು. ಎಲ್ಲರೂ ಮೇಲೆ ನನಗಾಗಿ ಕಾಯುತ್ತಿದ್ದುದು ಸಂಕೋಚವೆನಿಸಿತು. ವಾಪಸು ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಕೈ ಮರಗಟ್ಟಿ ಭಯವಾಯಿತು. ನನ್ನ ಸೈಕಲ್ 11 ಕೆ.ಜಿ. ಇದೆ. ಹಗುರವಾದ ಸೈಕಲ್ ಕೊಂಡರೆ ಸರಿಹೋಗುತ್ತದೆಯೆ? ಅಥವಾ ಈ ವಯಸ್ಸಿನಲ್ಲಿ ಬೆಟ್ಟದ ಸವಾರಿಯನ್ನೇ ಬಿಡುವುದು ಒಳ್ಳೆಯದೆ?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ನಾಲ್ಕು ಪ್ರಶ್ನೆಗಳಿದ್ದರೂ ಅವುಗಳ ಬೇರು ಒಂದೇ. ಬಯಲಿನಲ್ಲಿ ಗುಂಪಿನ ಜೊತೆ ಹೋಗಬಲ್ಲವರು ಏರಿನಲ್ಲಿಯೂ ಅದೇ ಗುಂಪಿನ ಜೊತೆ ಹೋಗಬಲ್ಲರೆಂದು ನೀವು ಎಣಿಸಿದ್ದೀರಿ. ಹಾಗೆ ಎಣಿಸದವರು ಕಡಿಮೆ. ನಾನೂ ಮೊದಲ ಎರಡು ವರ್ಷ ಹಾಗೆಯೇ ಎಣಿಸಿದ್ದೆ. ಬಯಲಿನ ಸವಾರಿ ಮತ್ತು ಏರಿನ ಸವಾರಿ ಹೊರನೋಟಕ್ಕೆ ಒಂದೇ ಕೆಲಸದಂತೆ ಕಂಡರೂ ಅವುಗಳ ಒಳಗಿನ ಲೆಕ್ಕ ಬೇರೆ. ಆ ಲೆಕ್ಕವನ್ನು ಒಮ್ಮೆ ಮಾಡಿ ನೋಡಿದರೆ ನಿಮ್ಮ ಸಂಕೋಚದ ಅರ್ಧ ಭಾಗ ತಾನಾಗಿ ಕಳಚಿಬೀಳುತ್ತದೆ. ಹೊಸ ಸೈಕಲಿಗೆಂದು ತೆಗೆದಿಟ್ಟ ಹಣವೂ ಬಹುಮಟ್ಟಿಗೆ ಉಳಿಯುತ್ತದೆ.

ಬಯಲು ರಸ್ತೆಯಲ್ಲಿ ಸೈಕಲ್ ಸವಾರನ ದೊಡ್ಡ ಎದುರಾಳಿ ಗಾಳಿ. ನೀವು, ನಿಮ್ಮ ಸೈಕಲ್, ನೀರಿನ ಬಾಟಲಿ, ಬೂಟು, ಪಂಪು ಎಲ್ಲ ಸೇರಿ 92 ಕೆ.ಜಿ. ಎಂದಿಟ್ಟುಕೊಳ್ಳೋಣ. ಗಂಟೆಗೆ 28 ಕಿ.ಮೀ. ವೇಗದಲ್ಲಿ ಒಬ್ಬರೇ ಹೋಗುವಾಗ ಸುಮಾರು 140 ವ್ಯಾಟ್ ಶಕ್ತಿ ಬೇಕಾಗುತ್ತದೆ. ಅದರಲ್ಲಿ ಸುಮಾರು 100 ವ್ಯಾಟ್ ಗಾಳಿಯನ್ನು ಸೀಳುವುದಕ್ಕೇ ಹೋಗುತ್ತದೆ, ಉಳಿದದ್ದು ಟೈರಿನ ತಿಕ್ಕಾಟಕ್ಕೆ. ಇನ್ನೊಬ್ಬರ ಹಿಂದಿನ ಚಕ್ರಕ್ಕೆ ಅಂಟಿಕೊಂಡಂತೆ ಹೋದರೆ, ಅಂದರೆ ಕ್ಲಬ್ಬಿನ ಮಾತಿನಲ್ಲಿ ಹೇಳುವಂತೆ ‘ವೀಲ್ ಹಿಡಿದರೆ’, ಗಾಳಿಯ ಪಾಲಿನಲ್ಲಿ ಹೆಚ್ಚು ಕಡಿಮೆ ಮೂರನೆಯ ಒಂದು ಭಾಗ ಉಳಿತಾಯವಾಗಿ ನಿಮ್ಮ ಕೆಲಸ 110 ವ್ಯಾಟ್‌ನ ಹತ್ತಿರಕ್ಕೆ ಇಳಿಯುತ್ತದೆ. ಆರು ತಿಂಗಳಿಂದ ನೀವು ಭಾನುವಾರಗಳಂದು ಮಾಡುತ್ತಿದ್ದುದು ಈ 110 ವ್ಯಾಟ್‌ನ ಕೆಲಸವನ್ನು. ಮುಂದೆ ಇದ್ದವರು ನಿಮ್ಮ ಪಾಲಿನ ಗಾಳಿಯನ್ನೂ ಒಂದಿಷ್ಟು ತಾವೇ ತಿನ್ನುತ್ತಿದ್ದರು.

ಈಗ ಬೆಟ್ಟದ ಬುಡಕ್ಕೆ ಬನ್ನಿ. ನಂದಿಯ ಏರು ಸುಮಾರು ಏಳೂವರೆ ಕಿಲೋಮೀಟರ್ ಉದ್ದ. ಅಷ್ಟರಲ್ಲಿ ರಸ್ತೆ ಸುಮಾರು 450 ಮೀಟರ್ ಮೇಲಕ್ಕೆ ಹೋಗಿ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನೆತ್ತಿಯ ಹತ್ತಿರ ಮುಟ್ಟುತ್ತದೆ. ಸರಾಸರಿ ತೆಗೆದರೆ ನೂರು ಮೀಟರಿಗೆ ಆರು ಮೀಟರಿನ ಏರು. ನಿಮ್ಮ ಕ್ಲಬ್ಬಿನ ಗಟ್ಟಿಗರು ಅಲ್ಲಿ ಗಂಟೆಗೆ 12 ಕಿ.ಮೀ. ವೇಗದಲ್ಲಿ ಹತ್ತುತ್ತಾರೆಂದುಕೊಂಡರೆ, ಅವರ ಜೊತೆ ಸಮನಾಗಿ ಹೋಗಲು ನಿಮಗೆ 200 ವ್ಯಾಟ್‌ಗಿಂತ ಹೆಚ್ಚು ಬೇಕು. ಅದರಲ್ಲಿ 180 ವ್ಯಾಟ್ ಬರೀ ತೂಕವನ್ನು ಮೇಲಕ್ಕೆತ್ತುವುದಕ್ಕೆ ಖರ್ಚಾಗುತ್ತದೆ, ಗಾಳಿಯ ಪಾಲು ಹತ್ತು ವ್ಯಾಟ್‌ಗೂ ಕಡಿಮೆ. ಅಂದಮೇಲೆ ಯಾರ ಚಕ್ರವನ್ನು ಹಿಡಿದರೂ ಅಲ್ಲಿ ಉಳಿತಾಯವಾಗುವುದು ಏನೂ ಇಲ್ಲ. ಬಯಲಿನಲ್ಲಿ ಗುಂಪು ನಿಮ್ಮನ್ನು ಹೊತ್ತುಕೊಂಡು ಹೋಗುತ್ತದೆ. ಏರಿನಲ್ಲಿ ಯಾರೂ ಯಾರನ್ನೂ ಹೊರಲಾರರು. 110 ವ್ಯಾಟ್‌ನ ಕೆಲಸಕ್ಕೆ ಒಗ್ಗಿದ ಕಾಲುಗಳಿಂದ ನೀವು ಮೊದಲ ಕಿಲೋಮೀಟರ್ ಉದ್ದಕ್ಕೂ ಅದರ ಇಮ್ಮಡಿ ಕೆಲಸ ಮಾಡಿಸಿದಿರಿ, ಎರಡನೆಯದರಲ್ಲಿ ಅವು ಕೈಕೊಟ್ಟವು. ಇದರಲ್ಲಿ ವಯಸ್ಸಿನ ದೋಷವೇನೂ ಇಲ್ಲ.

ಇದೇ ಲೆಕ್ಕದಿಂದ ಹಗುರ ಸೈಕಲಿನ ಪ್ರಶ್ನೆಗೂ ಉತ್ತರ ಸಿಗುತ್ತದೆ. ನೀವು 150 ವ್ಯಾಟ್‌ನಷ್ಟು ಒಂದೇ ಸಮನೆ ತುಳಿಯಬಲ್ಲಿರಾದರೆ, ಮತ್ತು ಎರಡು ವರ್ಷ ಸೈಕಲ್ ತುಳಿದ ಆರೋಗ್ಯವಂತರಿಗೆ ಅದು ಅಸಾಧ್ಯವೇನಲ್ಲ, ನಂದಿಯನ್ನು ಹತ್ತಲು ಸುಮಾರು 50 ನಿಮಿಷ ಹಿಡಿಯುತ್ತದೆ. ಸೈಕಲಿನ ತೂಕ 11ರಿಂದ 9 ಕೆ.ಜಿ.ಗೆ ಇಳಿದರೆ ಒಟ್ಟು 92 ಕೆ.ಜಿ.ಯಲ್ಲಿ ಕಡಿಮೆಯಾಗುವುದು ನೂರಕ್ಕೆ ಎರಡರಷ್ಟು ಮಾತ್ರ. ಸಮಯದಲ್ಲಿಯೂ ಅಷ್ಟೇ, ಅಂದರೆ ಒಂದು ನಿಮಿಷಕ್ಕೆ ತುಸು ಹೆಚ್ಚು. ಆ ಒಂದು ನಿಮಿಷಕ್ಕಾಗಿ ಲಕ್ಷಗಟ್ಟಲೆ ಸುರಿಯುವುದು ಸ್ಪರ್ಧೆಗೆ ಇಳಿದವರ ಚಿಂತೆ. ಹೊಸ ಸೈಕಲ್ ಕೊಳ್ಳುವ ಸಂತೋಷವನ್ನು ನಾನು ಹೀಗಳೆಯುವುದಿಲ್ಲ, ನನ್ನ ಮನೆಯಲ್ಲಿಯೂ ಅಗತ್ಯಕ್ಕಿಂತ ಒಂದು ಹೆಚ್ಚೇ ಇದೆ. ಆದರೆ ಅದನ್ನು ಏರಿನ ಔಷಧಿಯೆಂದು ಕೊಳ್ಳಬೇಡಿ.

ದುಡ್ಡು ಹಾಕಬೇಕಾದ ಜಾಗ ಬೇರೆ ಇದೆ, ಅದು ಹಿಂದಿನ ಚಕ್ರದ ಕ್ಯಾಸೆಟ್, ಅಂದರೆ ಅಲ್ಲಿರುವ ಹಲ್ಲುಚಕ್ರಗಳ ಗೊಂಚಲು. ನೀವು ಗೇರಿನ ವಿವರ ಬರೆದಿಲ್ಲ. ನಮ್ಮಲ್ಲಿ ಮಾರಾಟವಾಗುವ ಹಲವು ರೋಡ್ ಸೈಕಲುಗಳಲ್ಲಿರುವಂತೆ ಮುಂದೆ 50 ಮತ್ತು 34 ಹಲ್ಲುಗಳ ಎರಡು ಚಕ್ರಗಳು, ಹಿಂದೆ ಅತಿ ದೊಡ್ಡದು 28 ಹಲ್ಲಿನದು ಎಂದು ಭಾವಿಸುತ್ತೇನೆ. ಅತಿ ಸುಲಭವಾದ ಗೇರಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು ಎರಡೂವರೆ ಮೀಟರ್ ಮುಂದೆ ಹೋಗುತ್ತದೆ. ಗಂಟೆಗೆ 9 ಕಿ.ಮೀ. ವೇಗದಲ್ಲಿ ಏರುವಾಗ ಆ ಗೇರಿನಲ್ಲಿ ನಿಮಿಷಕ್ಕೆ ಅರವತ್ತು ಸುತ್ತೂ ಆಗುವುದಿಲ್ಲ. ಏರು ಕಡಿದಾದ ಕಡೆ ಅದು ನಲವತ್ತೈದಕ್ಕೆ ಇಳಿಯುತ್ತದೆ. ಅಷ್ಟು ನಿಧಾನದ ಸುತ್ತಿನಲ್ಲಿ ಪ್ರತಿ ತುಳಿತವೂ ಮೂಟೆ ಹೊತ್ತು ಮೆಟ್ಟಿಲು ಹತ್ತಿದಂತೆ. ಉಸಿರು ಸೋಲುವ ಮೊದಲೇ ತೊಡೆ ಮತ್ತು ಮೊಣಕಾಲು ಸೋಲುತ್ತವೆ. 28ರ ಬದಲು 34 ಹಲ್ಲಿನ ಕ್ಯಾಸೆಟ್ ಹಾಕಿಸಿದರೆ ಅದೇ ವೇಗದಲ್ಲಿ ನಿಮಿಷಕ್ಕೆ ಎಪ್ಪತ್ತು ಸುತ್ತು ತಿರುಗಿಸಬಹುದು. ಕೆಲಸ ಅಷ್ಟೇ ಇರುತ್ತದೆ, ಆದರೆ ಅದರ ಹೊರೆ ಸ್ನಾಯುವಿನಿಂದ ಹೃದಯ ಮತ್ತು ಶ್ವಾಸಕೋಶದ ಕಡೆಗೆ ಜಾರುತ್ತದೆ, ಅವಕ್ಕೆ ಸುಧಾರಿಸಿಕೊಳ್ಳುವ ಗುಣ ಹೆಚ್ಚು. ಹಾಕಿಸುವ ಮೊದಲು ನಿಮ್ಮ ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಸಾಧನ) 34 ಹಲ್ಲನ್ನು ತಡೆಯುತ್ತದೆಯೆ ಎಂಬುದನ್ನು ಮೆಕ್ಯಾನಿಕ್ ಬಳಿ ಖಚಿತಪಡಿಸಿಕೊಳ್ಳಿ; ಚೈನನ್ನೂ ಕೆಲವು ಕೊಂಡಿಯಷ್ಟು ಉದ್ದ ಮಾಡಬೇಕಾಗಬಹುದು. ‘ಅಜ್ಜಿ ಗೇರ್’ ಎಂದು ಕ್ಲಬ್ಬಿನ ಹುಡುಗರು ನಗಬಹುದು. ನಗಲಿ, ನಲವತ್ತು ದಾಟಿದ ಮೇಲೆ ಮೊಣಕಾಲಿನ ಲೆಕ್ಕ ಅವರಿಗೂ ತಿಳಿಯುತ್ತದೆ.

ಇನ್ನು ಸವಾರಿಯ ದಿನದ ಮಾತು. ಏರಿನಲ್ಲಿ ಸೋಲುವವರಲ್ಲಿ ಹೆಚ್ಚಿನವರು ಸೋಲುವುದು ಏರಿನಲ್ಲಲ್ಲ, ಅದಕ್ಕೂ ಮೊದಲಿನ ಬಯಲಿನಲ್ಲಿ. ಯಲಹಂಕದಿಂದ ದೇವನಹಳ್ಳಿಯ ಮೇಲೆ ಬೆಟ್ಟದ ಬುಡಕ್ಕೆ ಮೂವತ್ತೈದು ಕಿಲೋಮೀಟರಿನಷ್ಟು ದಾರಿಯಿದೆ. ಬೆಳಗಿನ ತಂಪು, ಖಾಲಿ ರಸ್ತೆ, ಸುತ್ತಲೂ ಗೆಳೆಯರು ಇರುವಾಗ ಕಾಲು ತಾನಾಗಿ ಜೋರು ಮಾಡುತ್ತದೆ. ಆ ಹೊತ್ತಿನಲ್ಲಿ ಮುಂದೆ ಹೋಗಿ ಗುಂಪನ್ನು ಎಳೆಯುವ ಸರದಿ ತೆಗೆದುಕೊಳ್ಳುವುದು ಮರ್ಯಾದೆಯ ಪ್ರಶ್ನೆಯೆಂದು ನಿಮಗೆ ಅನಿಸಿದರೆ ಆ ಮರ್ಯಾದೆಯನ್ನು ಒಂದು ದಿನ ಬಿಟ್ಟುಬಿಡಿ. ಗುಂಪಿನ ಹಿಂದಿನ ಭಾಗದಲ್ಲಿ, ಆದರೆ ತೀರ ಕೊನೆಯಲ್ಲಲ್ಲ, ಉಳಿಯಿರಿ. ತೀರ ಕೊನೆಯಲ್ಲಿ ಇರುವವರಿಗೆ ಮುಂದಿನವರ ಪ್ರತಿಯೊಂದು ವೇಗದ ಏರಿಳಿತವೂ ದೊಡ್ಡದಾಗಿ ಬಂದು ತಟ್ಟುತ್ತದೆ, ಪ್ರತಿ ತಿರುವಿನ ನಂತರ ಅಂತರ ಮುಚ್ಚಲು ಓಡಬೇಕಾಗುತ್ತದೆ. ರಾಷ್ಟ್ರೀಯ ಹೆದ್ದಾರಿ 44ರಲ್ಲಿ ನಸುಕಿನಲ್ಲಿ ವಿಮಾನ ನಿಲ್ದಾಣದ ಕಡೆಗೆ ಓಡುವ ಟ್ಯಾಕ್ಸಿಗಳ ವೇಗ ನಿಮಗೆ ಗೊತ್ತೇ ಇದೆ; ಸಾಧ್ಯವಿದ್ದಷ್ಟೂ ಸರ್ವಿಸ್ ರಸ್ತೆಯಲ್ಲೇ ಸಾಗಿ, ಹಿಂದೆ ಕೆಂಪು ದೀಪ ಮಿನುಗುತ್ತಿರಲಿ.

ಹೊಟ್ಟೆಯ ವಿಷಯದಲ್ಲಿ ನಾನು ಒಮ್ಮೆ ಮಾಡಿದ ತಪ್ಪನ್ನು ಹೇಳಿಬಿಡುತ್ತೇನೆ. ಹತ್ತು ಹನ್ನೆರಡು ವರ್ಷಗಳ ಹಿಂದೆ, ಬೆಟ್ಟ ಹತ್ತುವ ಮೊದಲೇ ದಾರಿಯಲ್ಲಿ ಸಿಕ್ಕ ಹೋಟೆಲಿನಲ್ಲಿ ಒಂದು ಬೆಣ್ಣೆ ಮಸಾಲೆ ದೋಸೆಯನ್ನೂ ಅದರ ಮೇಲೊಂದು ವಡೆಯನ್ನೂ ತಿಂದು ಹೊರಟೆ; ಮೂರನೆಯ ತಿರುವಿನಲ್ಲಿ ಅವೆರಡೂ ನನ್ನೊಡನೆ ವಾದಕ್ಕೆ ಇಳಿದವು. ಎಣ್ಣೆಯ ತಿಂಡಿ ಜೀರ್ಣವಾಗುವುದು ನಿಧಾನ, ಅದಕ್ಕೆ ಬೇಕಾದ ರಕ್ತ ಹೊಟ್ಟೆಯ ಕಡೆಗೆ ಹರಿಯಬೇಕು, ಅದೇ ಹೊತ್ತಿನಲ್ಲಿ ಕಾಲುಗಳೂ ರಕ್ತ ಕೇಳುತ್ತಿರುತ್ತವೆ. ಹೊರಡುವ ಒಂದು ಗಂಟೆ ಮೊದಲು ಎರಡು ಇಡ್ಲಿಯೋ ಸ್ವಲ್ಪ ಅವಲಕ್ಕಿಯೋ ಸಾಕು. ದಾರಿಯಲ್ಲಿ ಗಂಟೆಗೆ 30ರಿಂದ 60 ಗ್ರಾಂ ಪಿಷ್ಟ ಅಥವಾ ಸಕ್ಕರೆ ಒಳಗೆ ಹೋಗುತ್ತಿರಬೇಕು. ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ ಇರುತ್ತದೆ. ಏರು ಶುರುವಾಗುವ ಕಾಲು ಗಂಟೆ ಮೊದಲು ಒಂದು ಬಾಳೆಹಣ್ಣು ಅಥವಾ ಎರಡು ಕಡಲೆ ಚಿಕ್ಕಿ ತಿನ್ನಿ. ಏರಿನಲ್ಲಿ ಉಸಿರು ಬಿಗಿಯಾದಾಗ ಅಗಿಯಲು ಆಗುವುದಿಲ್ಲ. ನೀರನ್ನು ಗಂಟೆಗೆ ಅರ್ಧ ಲೀಟರಿನ ಲೆಕ್ಕದಲ್ಲಿ, ಬೇಸಿಗೆಯಲ್ಲಿ ಇನ್ನೂ ಹೆಚ್ಚಾಗಿ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಒಂದು ಬಾಟಲಿಯಲ್ಲಿ ನಿಂಬೆರಸ, ಉಪ್ಪು, ಸಕ್ಕರೆ ಬೆರೆಸಿಟ್ಟುಕೊಂಡರೆ ಅಂಗಡಿಯ ಪುಡಿಗಳ ಹಂಗು ಬೇಡ.

ಬುಡ ಬಂತು. ಇಲ್ಲಿಂದ ಮುಂದೆ ಒಂದೇ ಒಂದು ನಿಯಮ: ಯಾರನ್ನೂ ನೋಡಬೇಡಿ. ಮೊದಲ ಎರಡು ಕಿಲೋಮೀಟರ್ ನಿಮಗೆ ಇದು ತೀರ ನಿಧಾನವಾಯಿತು ಅನಿಸಬೇಕು. ಅನಿಸದಿದ್ದರೆ ನೀವು ಜೋರಾಗಿ ಹೋಗುತ್ತಿದ್ದೀರಿ ಎಂದರ್ಥ. ವ್ಯಾಟ್ ಅಳೆಯುವ ಮೀಟರೂ ಹೃದಯ ಬಡಿತದ ಪಟ್ಟಿಯೂ ಇಲ್ಲದಿದ್ದರೆ ಚಿಂತೆಯಿಲ್ಲ, ಮಾತೇ ಒಳ್ಳೆಯ ಅಳತೆ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಆಡಿ ಮುಗಿಸಬಲ್ಲಿರಾದರೆ ಸರಿಯಾದ ಹದದಲ್ಲಿದ್ದೀರಿ. ಎರಡು ಪದಕ್ಕೊಮ್ಮೆ ಉಸಿರು ಎಳೆಯಬೇಕಾಗಿದ್ದರೆ ಒಂದು ಗೇರ್ ಇಳಿಸಿ. ದೇಹ ತನ್ನ ಮಿತಿಯ ಮೇಲೆ ಎರಡು ಮೂರು ನಿಮಿಷ ಕೆಲಸ ಮಾಡಿದರೆ ಅದರ ಸಾಲವನ್ನು ಹತ್ತು ಹದಿನೈದು ನಿಮಿಷ ತೀರಿಸಬೇಕಾಗುತ್ತದೆ, ಮತ್ತು ಏರಿನಲ್ಲಿ ಆ ಸಾಲ ತೀರಿಸಲು ಸಮತಟ್ಟಾದ ಜಾಗ ಸಿಗುವುದಿಲ್ಲ. ನಂದಿಯ ರಸ್ತೆಯಲ್ಲಂತೂ ಕೊನೆಯ ಭಾಗವೇ ಹೆಚ್ಚು ಕಡಿದು. ಕೆಳಗೆ ಉಳಿಸಿದ ಉಸಿರೇ ಮೇಲೆ ಕೆಲಸಕ್ಕೆ ಬರುವುದು.

ಆ ರಸ್ತೆಯಲ್ಲಿ ನಲವತ್ತು ತಿರುವುಗಳಿವೆಯೆಂಬುದು ರೂಢಿಯ ಮಾತು. ನಾನು ಎಣಿಸಲು ಹೊರಟಾಗಲೆಲ್ಲ ಇಪ್ಪತ್ತರ ಆಚೆ ಲೆಕ್ಕ ತಪ್ಪಿದೆ, ಆದ್ದರಿಂದ ಆ ಸಂಖ್ಯೆಯ ಮೇಲೆ ಪಂತ ಕಟ್ಟುವುದಿಲ್ಲ. ತಿರುವಿನ ಒಳಗಿನ ಅಂಚು ಹೊರಗಿನದಕ್ಕಿಂತ ಕಡಿದಾಗಿರುತ್ತದೆ, ಏಕೆಂದರೆ ಅಷ್ಟೇ ಎತ್ತರವನ್ನು ಅದು ಕಡಿಮೆ ದೂರದಲ್ಲಿ ಹತ್ತುತ್ತದೆ. ಎದುರಿಗೆ ವಾಹನ ಇಲ್ಲದಾಗ, ನಿಮ್ಮ ಎಡಬದಿಯನ್ನು ಬಿಡದೆಯೇ, ಎಡ ತಿರುವಿನ ಒಳ ಅಂಚಿನಿಂದ ಒಂದು ಗಜ ಹೊರಗೆ ಹೋದರೆ ಕಾಲಿಗೆ ಆಗುವ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಗೇರನ್ನು ತಿರುವಿನ ಮೊದಲೇ, ಪೆಡಲಿನ ಮೇಲೆ ಭಾರ ಕಡಿಮೆ ಇದ್ದಾಗಲೇ ಬದಲಿಸಿ. ಸೈಕಲ್ ನಿಂತೇಹೋಗುವಂತಾದಾಗ ಬಲವಾಗಿ ತುಳಿಯುತ್ತ ಗೇರ್ ಬದಲಿಸಿದರೆ ಚೈನು ಕರಕರ ಎಂದು ಜಾರುತ್ತದೆ, ಕೆಲವೊಮ್ಮೆ ಬಿದ್ದೇ ಹೋಗುತ್ತದೆ, ನೀವೂ ಅದರ ಹಿಂದೆಯೇ. ಆಗಾಗ ಪೆಡಲಿನ ಮೇಲೆ ಎದ್ದು ನಿಂತು ಇಪ್ಪತ್ತು ಮೂವತ್ತು ಸುತ್ತು ತುಳಿಯುವುದು ಬೆನ್ನಿಗೆ ಒಳ್ಳೆಯದು, ಆದರೆ ಎದ್ದು ನಿಲ್ಲುವ ಕ್ಷಣದಲ್ಲಿ ಸೈಕಲ್ ಅರ್ಧ ಚಕ್ರದಷ್ಟು ಹಿಂದಕ್ಕೆ ಸರಿಯುತ್ತದೆ. ಹಿಂದಿನವರ ಮುಂಚಕ್ರಕ್ಕೆ ನಿಮ್ಮ ಹಿಂಚಕ್ರ ತಾಗಿದರೆ ಬೀಳುವುದು ಹಿಂದಿನವರು. ಆದ್ದರಿಂದ ಏಳುವ ಮೊದಲು ಒಂದು ಗೇರ್ ಗಟ್ಟಿ ಮಾಡಿ, ಪೆಡಲ್ ಕೆಳಗೆ ಹೋಗುತ್ತಿರುವಾಗಲೇ ಅದನ್ನು ಒತ್ತುತ್ತ ಎದ್ದೇಳಿ. ನಮ್ಮ ಗುಂಪಿನಲ್ಲಿ ನಾನು ಕಂಡ ಏರಿನ ಅಪಘಾತಗಳೆಲ್ಲ, ಅವು ಹೆಚ್ಚೇನೂ ಇಲ್ಲ, ಹೀಗೆಯೇ ಆದವು. ಗಂಟೆಗೆ ಹತ್ತು ಕಿಲೋಮೀಟರಿನ ವೇಗದಲ್ಲಿ ಬಿದ್ದವರ ಮಣಿಕಟ್ಟು ಮುರಿದದ್ದೂ ಉಂಟು.

ನಿಲ್ಲುವುದು ಅವಮಾನವೆಂದು ನೀವು ಬಗೆದಂತಿದೆ. ದಮ್ಮು ಕಟ್ಟಿದರೆ ನಿಲ್ಲಿ, ಎಡಬದಿಗೆ ಸರಿದು, ತಿರುವಿನಲ್ಲಲ್ಲದೆ ಎರಡೂ ಕಡೆಯಿಂದ ವಾಹನಗಳಿಗೆ ಕಾಣುವ ಜಾಗದಲ್ಲಿ ನಿಲ್ಲಿ, ಎರಡು ನಿಮಿಷ ಸುಧಾರಿಸಿಕೊಂಡು ಮತ್ತೆ ಹತ್ತಿ. ಆದರೆ ಎದೆಯಲ್ಲಿ ನೋವು ಅಥವಾ ಬಿಗಿತ, ದವಡೆ ಇಲ್ಲವೆ ಎಡಗೈಗೆ ಹರಡುವ ನೋವು, ತಲೆಸುತ್ತು, ಬಿಸಿಲಿಲ್ಲದೆಯೂ ತಣ್ಣನೆಯ ಬೆವರು ಕಂಡರೆ ಅದು ಸುಸ್ತಲ್ಲ. ಸವಾರಿಯನ್ನು ಅಲ್ಲಿಗೇ ಮುಗಿಸಿ ಆಸ್ಪತ್ರೆಗೆ ಹೋಗಬೇಕು. ನಿಮ್ಮ ವಯಸ್ಸಿನಲ್ಲಿ ಬೆಟ್ಟದ ಅಭ್ಯಾಸ ಶುರುಮಾಡುವ ಮುನ್ನ ಒಮ್ಮೆ ವೈದ್ಯರ ಬಳಿ ರಕ್ತದೊತ್ತಡ, ಸಕ್ಕರೆ, ಹೃದಯದ ತಪಾಸಣೆ ಮಾಡಿಸಿಕೊಳ್ಳುವುದು ಅಗತ್ಯ. ಅವರು ಸರಿ ಎಂದರೆ ‘ಈ ವಯಸ್ಸಿನಲ್ಲಿ’ ಎಂಬ ಮಾತನ್ನು ಪತ್ರದಿಂದ ಹೊಡೆದುಹಾಕಬಹುದು. ಬೆಂಗಳೂರಿನ ಸೈಕಲ್ ಪ್ರಿಯರು 2008ರಲ್ಲಿ ಆರಂಭಿಸಿದ ಟೂರ್ ಆಫ್ ನೀಲ್‌ಗಿರೀಸ್ ಎಂಬ ಹಲವು ದಿನಗಳ ಸೈಕಲ್ ಸವಾರಿ ನಿಮಗೆ ಗೊತ್ತಿರಬಹುದು. ಮಸಿನಗುಡಿಯಿಂದ ಊಟಿಗೆ 36 ತಿರುವುಗಳ ಕಲ್ಲಟ್ಟಿ ಘಾಟಿ ಹತ್ತುವ ದಿನ ಅಲ್ಲಿ ಐವತ್ತು ದಾಟಿದವರೂ ಇರುತ್ತಾರೆ. ನಂದಿಗೆ ಹೋಲಿಸಿದರೆ ಕಲ್ಲಟ್ಟಿ ಬಹಳ ಕ್ರೂರವಾದ ಏರು.

ಈಗ ಇಳಿಯುವ ವಿಚಾರ. ನಿಮ್ಮ ಪತ್ರದಲ್ಲಿ ಇದು ಒಂದೇ ವಾಕ್ಯದಲ್ಲಿ ಬಂದು ಹೋಗಿದೆ, ನನಗೆ ಮಾತ್ರ ಅದೇ ಮುಖ್ಯವಾದ ವಾಕ್ಯವಾಗಿ ಕಂಡಿತು. ಏರಿನಲ್ಲಿ ತಪ್ಪಿದರೆ ಹೋಗುವುದು ಸಮಯ. ಇಳಿಜಾರಿನಲ್ಲಿ ತಪ್ಪಿದರೆ ಹೋಗುವುದು ಚರ್ಮ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದು. 92 ಕೆ.ಜಿ. ತೂಕ 450 ಮೀಟರ್ ಕೆಳಗೆ ಬರುವಾಗ ಬಿಡುಗಡೆಯಾಗುವ ಶಕ್ತಿ ಸುಮಾರು ನಾಲ್ಕು ಲಕ್ಷ ಜೂಲ್, ಅಂದರೆ ಒಂದೂಕಾಲು ಲೀಟರ್ ತಣ್ಣೀರನ್ನು ಕುದಿಸುವಷ್ಟು. ವೇಗವಾಗಿ ಇಳಿಯುವವರಲ್ಲಿ ಇದರ ದೊಡ್ಡ ಪಾಲನ್ನು ಗಾಳಿ ನುಂಗುತ್ತದೆ. ಭಯದಿಂದ ಉದ್ದಕ್ಕೂ ಬ್ರೇಕ್ ಹಿಡಿದೇ ಇಳಿಯುವವರಲ್ಲಿ ಹೆಚ್ಚು ಕಡಿಮೆ ಎಲ್ಲವೂ ಬ್ರೇಕಿನಲ್ಲಿಯೇ ಬಿಸಿಯಾಗಿ ಕೂಡುತ್ತದೆ. ರಿಮ್ ಬ್ರೇಕ್ ಇರುವ ಸೈಕಲಿನಲ್ಲಿ ಆ ಬಿಸಿ ರಿಮ್ಮಿನ ಮೂಲಕ ಟ್ಯೂಬಿಗೆ ತಲಪುತ್ತದೆ, ಒಳಗಿನ ಒತ್ತಡ ಏರುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಪ್ಯಾಡು ಕಾದು ಹಿಡಿತ ಮಂಕಾಗುತ್ತದೆ. ಸೈಕಲ್ ನಿಂತ ಕೂಡಲೇ ಡಿಸ್ಕನ್ನು ಬೆರಳಿನಿಂದ ಮುಟ್ಟಿ ನೋಡುವ ಕುತೂಹಲ ಬೇಡ, ಬೊಬ್ಬೆ ಏಳುತ್ತದೆ.

ಆದ್ದರಿಂದ ಬ್ರೇಕನ್ನು ಹಿಡಿದೇ ಇರಬೇಡಿ. ಒಮ್ಮೆ ಗಟ್ಟಿಯಾಗಿ ಹಿಡಿದು ವೇಗ ಇಳಿಸಿ, ಪೂರ್ತಿ ಬಿಡಿ, ಮತ್ತೆ ಹಿಡಿಯಿರಿ. ಬಿಟ್ಟ ಆ ಕೆಲವು ಕ್ಷಣಗಳಲ್ಲಿ ಬ್ರೇಕೂ ತಣಿಯುತ್ತದೆ, ನಿಮ್ಮ ಬೆರಳುಗಳಿಗೂ ರಕ್ತ ಹರಿಯುತ್ತದೆ. ಹಿಡಿಯುವುದು ತಿರುವಿನ ಮೊದಲು, ರಸ್ತೆ ಇನ್ನೂ ನೇರವಾಗಿರುವಾಗ. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಹಿಡಿಯಬೇಕಾಗಿ ಬಂತೆಂದರೆ ಮೊದಲು ಹಿಡಿದದ್ದು ಸಾಲಲಿಲ್ಲ ಎಂದೇ ಅರ್ಥ. ಟೈರಿಗೆ ರಸ್ತೆಯ ಮೇಲೆ ಇರುವ ಹಿಡಿತ ಒಂದೇ ಗಂಟು, ತಿರುಗುವುದಕ್ಕೂ ನಿಲ್ಲುವುದಕ್ಕೂ ಅದನ್ನೇ ಹಂಚಬೇಕು. ವಾಲಿದ ಸೈಕಲಿನ ಮುಂದಿನ ಬ್ರೇಕನ್ನು ಗಾಬರಿಯಿಂದ ಒತ್ತಿದರೆ ಚಕ್ರ ಜಾರುವುದು ಇದೇ ಕಾರಣಕ್ಕೆ. ವೇಗ ಇಮ್ಮಡಿಯಾದರೆ ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರ ನಾಲ್ಮಡಿಯಾಗುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಇರುವಾಗ ನೀವು ಅಪಾಯ ಕಂಡು ಬ್ರೇಕಿಗೆ ಕೈ ಹಾಕುವ ಒಂದು ಸೆಕೆಂಡಿನಲ್ಲೇ ಹನ್ನೊಂದು ಮೀಟರ್ ಕಳೆದಿರುತ್ತದೆ. ಮುಂದಿನ ರಸ್ತೆ ಎಷ್ಟು ದೂರ ಕಾಣುತ್ತಿದೆಯೋ ಅಷ್ಟರೊಳಗೆ ನಿಲ್ಲಿಸಬಲ್ಲ ವೇಗದಲ್ಲೇ ಇರಿ.

ಕೈಗಳನ್ನು ಹ್ಯಾಂಡಲಿನ ಕೆಳಗಿನ ಬಾಗಿದ ಭಾಗದಲ್ಲಿ ಇಟ್ಟುಕೊಳ್ಳಿ. ಹೊಸಬರು ಭಯದಿಂದ ಮೇಲಿನ ಭಾಗವನ್ನೇ ಹಿಡಿಯುತ್ತಾರೆ, ಅಲ್ಲಿಂದ ಬ್ರೇಕಿನ ಹಿಡಿಕೆಯ ತುದಿಗೆ ಬೆರಳು ಸರಿಯಾಗಿ ಎಟುಕುವುದಿಲ್ಲ, ಅದೇ ಬಲ ತರಲು ಎರಡರಷ್ಟು ಒತ್ತಬೇಕಾಗುತ್ತದೆ. ನಿಮ್ಮ ಕೈ ಮರಗಟ್ಟಿದ್ದಕ್ಕೆ ಇದು ಒಂದು ಕಾರಣವಾಗಿದ್ದರೆ ಇನ್ನೊಂದು ಚಳಿ. ಬೆವರಿನಲ್ಲಿ ತೊಯ್ದ ಜೆರ್ಸಿಯ ಮೇಲೆ ಗಂಟೆಗೆ ನಲವತ್ತು ಕಿಲೋಮೀಟರಿನ ಗಾಳಿ ಬೀಸಿದರೆ ಜನವರಿಯ ಬೆಳಗ್ಗೆ ಕೈಬೆರಳು ಸೆಟೆದುಕೊಳ್ಳದೆ ಇನ್ನೇನಾದೀತು? ಜೇಬಿನಲ್ಲಿ ಮಡಚಿಡಬಹುದಾದ ತೆಳುವಾದ ವಿಂಡ್‌ಚೀಟರ್ ಒಯ್ದು, ಇಳಿಯುವ ಮುನ್ನ ತೊಟ್ಟುಕೊಳ್ಳಿ. ಯುರೋಪಿನ ಹಳೆಯ ಕಾಲದ ಸ್ಪರ್ಧಿಗಳು ಘಾಟಿಯ ನೆತ್ತಿಯಲ್ಲಿ ದಿನಪತ್ರಿಕೆಯ ಹಾಳೆಗಳನ್ನು ಜೆರ್ಸಿಯೊಳಗೆ ಎದೆಗೆ ಅಡ್ಡ ಇಟ್ಟುಕೊಂಡು ಇಳಿಯುತ್ತಿದ್ದರು. ಮರೆತುಹೋದ ದಿನಗಳಲ್ಲಿ ನಾನೂ ಭಾನುವಾರದ ಪುರವಣಿಯನ್ನು ಹಾಗೆ ಬಳಸಿದ್ದೇನೆ, ಚೆನ್ನಾಗಿಯೇ ಕೆಲಸ ಮಾಡುತ್ತದೆ. ತಿರುವಿನಲ್ಲಿ ಹೊರಗಿನ ಪೆಡಲ್ ಕೆಳಗಿರಲಿ, ಅದರ ಮೇಲೆ ತೂಕ ಊರಿ, ಕಣ್ಣನ್ನು ಮುಂಚಕ್ರದ ಮುಂದಿನ ಗುಂಡಿಯ ಮೇಲಲ್ಲ, ತಿರುವು ಮುಗಿಯುವ ಕಡೆಗೆ ನೆಡಿ. ನೋಡಿದ ಕಡೆಗೆ ಸೈಕಲ್ ಹೋಗುತ್ತದೆ, ಇದು ಕುದುರೆ ಸವಾರರಿಗೂ ಗೊತ್ತಿದ್ದ ಸಂಗತಿ.

ನಂದಿಯ ಇಳಿಜಾರಿಗೆ ತನ್ನದೇ ಆದ ಕೆಲವು ಅಪಾಯಗಳಿವೆ. ಸೂರ್ಯೋದಯ ನೋಡಲು ಬರುವವರ ಕಾರು ಬೈಕುಗಳು ವಾರಾಂತ್ಯದಲ್ಲಿ ಸಾಲುಗಟ್ಟಿ ಹತ್ತುತ್ತಿರುತ್ತವೆ, ಅವುಗಳಲ್ಲಿ ಕೆಲವು ತಾಳ್ಮೆಗೆಟ್ಟು ತಿರುವಿನಲ್ಲೇ ಮುಂದಿನ ವಾಹನವನ್ನು ಹಿಂದೆ ಹಾಕಲು ನಿಮ್ಮ ಬದಿಗೆ ಬರುತ್ತವೆ. ನೀವು ಎಷ್ಟೇ ನಿಯಮ ಪಾಲಿಸಿದರೂ ರಸ್ತೆಯ ನಡುಗೆರೆಯ ಹತ್ತಿರ ಇರುವುದು ಆಗ ಮೂರ್ಖತನ. ಮಂಜು ಬಿದ್ದ ಬೆಳಗ್ಗೆ ರಸ್ತೆ ಮಳೆ ಬಂದಂತೆ ಒದ್ದೆಯಾಗಿರುತ್ತದೆ, ರಿಮ್ ಬ್ರೇಕ್ ಹಿಡಿದ ಮೊದಲ ಒಂದೆರಡು ಸುತ್ತಿನಲ್ಲಿ ನೀರು ಒರೆಸುವುದಷ್ಟೇ ಆಗುತ್ತದೆ. ಮಳೆಗಾಲದಲ್ಲಿ ಗುಡ್ಡದಿಂದ ಹರಿದ ಮಣ್ಣು, ಪುಡಿಗಲ್ಲು ತಿರುವುಗಳಲ್ಲಿ ಕೂತಿರುತ್ತವೆ. 2021ರ ಆಗಸ್ಟ್‌ನಲ್ಲಿ ಜೋರು ಮಳೆಗೆ ಗುಡ್ಡ ಕುಸಿದು ರಸ್ತೆಯೇ ಹಾಳಾಗಿ ತಿಂಗಳುಗಟ್ಟಲೆ ಮುಚ್ಚಿತ್ತು. ಇವೆಲ್ಲದರ ಮೇಲೆ ಮಂಗಗಳು. ಪ್ರವಾಸಿಗರು ಎಸೆದ ಚಿಪ್ಸಿನ ಪೊಟ್ಟಣಕ್ಕೆ ರಸ್ತೆಯ ನಡುವೆ ಜಗಳವಾಡುವ ಕೋತಿ ಹಿಂಡಿಗೆ ಸೈಕಲಿನ ಸದ್ದು ಕೇಳಿಸುವುದಿಲ್ಲ; ಗಂಟೆಯನ್ನು ಬಾರಿಸಿ, ಇಲ್ಲವೆ ಬಾಯಿಂದಲೇ ಕೂಗಿ. ಇಳಿಯುವಾಗ ಗುಂಪು ಕಟ್ಟಿಕೊಳ್ಳಬೇಡಿ, ಮುಂದಿನವರಿಗೂ ನಿಮಗೂ ನಡುವೆ ಕನಿಷ್ಠ ಐದಾರು ಸೈಕಲಿನಷ್ಟು ಉದ್ದದ ಅಂತರವಿರಲಿ. ಏರಿನಲ್ಲಿ ಎಲ್ಲರನ್ನೂ ಹಿಂದೆ ಹಾಕಿದವರು ಇಳಿಜಾರಿನಲ್ಲಿಯೂ ಅದನ್ನೇ ಮಾಡಬೇಕೆಂದು ಹೊರಡುವುದುಂಟು. ಅವರಿಗೆ ದಾರಿ ಬಿಟ್ಟುಕೊಡಿ, ಹಿಂದೆ ಹೋಗಬೇಡಿ.

ಅಭ್ಯಾಸಕ್ಕೆ ಬೆಟ್ಟವೇ ಬೇಕೆಂದಿಲ್ಲ. ವಾರದಲ್ಲಿ ಎರಡು ದಿನ, ಅರ್ಧ ಗಂಟೆ ಹದವಾಗಿ ತುಳಿದು ಬಿಸಿಯಾದ ಮೇಲೆ, ಹತ್ತು ಹತ್ತು ನಿಮಿಷದ ಮೂರು ಸರದಿ ಮಾಡಿ; ಆ ಹತ್ತು ನಿಮಿಷ ಮಾತು ತುಂಡು ತುಂಡಾಗುವಷ್ಟು ಕಷ್ಟವಿರಬೇಕು, ನಿಲ್ಲುವಂತಾಗಬಾರದು, ನಡುವೆ ಐದು ನಿಮಿಷ ಸಾವಕಾಶ. ಎದುರುಗಾಳಿಯ ನೇರ ರಸ್ತೆ ಇದಕ್ಕೆ ಸಾಕು, ಅದನ್ನು ಬಯಲುಸೀಮೆಯ ಬೆಟ್ಟವೆಂದೇ ತಿಳಿಯಿರಿ. ತಿಂಗಳಿಗೆ ಎರಡು ಸಲ ನಂದಿಯ ಬುಡಕ್ಕೆ ಒಬ್ಬರೋ ಇಬ್ಬರೋ ಗೆಳೆಯರೊಂದಿಗೆ ಹೋಗಿ ಕೆಳಗಿನ ಮೂರು ಕಿಲೋಮೀಟರನ್ನು ಮಾತ್ರ ಎರಡು ಮೂರು ಬಾರಿ ಹತ್ತಿ ಇಳಿಯಿರಿ, ನೆತ್ತಿಯ ಆಸೆ ಬೇಡ. ಹೀಗೆ ಮಾಡಿದರೆ ಏರಿನ ಹದವೂ ಕಾಲಿಗೆ ಬರುತ್ತದೆ, ಇಳಿಯುವ ಕೈಯೂ ಪಳಗುತ್ತದೆ. ಎಂಟು ವಾರದಲ್ಲಿ ವ್ಯತ್ಯಾಸ ಕಾಣಿಸದಿದ್ದರೆ ನನಗೆ ಮತ್ತೆ ಬರೆಯಿರಿ. ತೂಕ ಇಳಿಸುವ ಮಾತನ್ನು ನಾನು ಬೇಕೆಂದೇ ಹಿಂದೆ ಇಟ್ಟಿದ್ದೇನೆ. ನಾಲ್ಕು ಕೆ.ಜಿ. ಇಳಿದರೆ ನಂದಿಯಲ್ಲಿ ಎರಡು ನಿಮಿಷ ಸಿಗುವುದು ನಿಜವಾದರೂ, ಉಪವಾಸ ಮಾಡುತ್ತ ಬೆಟ್ಟ ಹತ್ತುವವರು ಬಹಳ ಕಾಲ ಹತ್ತುವುದಿಲ್ಲ.

ಕೊನೆಗೆ, ನಿಮಗಾಗಿ ಕಾಯುವವರ ಸಂಕೋಚ. ಅವರು 35 ನಿಮಿಷದಲ್ಲಿ ಹತ್ತುತ್ತಾರೆ, ನೀವು 50 ನಿಮಿಷದಲ್ಲಿ. ಕಾಯುವುದು ಕಾಲು ಗಂಟೆ. ಇದು ನಿಮ್ಮ ಸಮಸ್ಯೆ ಎನ್ನುವುದಕ್ಕಿಂತ ಸವಾರಿ ಏರ್ಪಡಿಸಿದವರ ಸಮಸ್ಯೆ. ಬೆಟ್ಟದ ಸವಾರಿಯನ್ನು ಯೋಜಿಸುವವರು ಗುಂಪು ಎಲ್ಲಿ ಒಡೆಯುತ್ತದೆ, ಎಲ್ಲಿ ಮತ್ತೆ ಕೂಡುತ್ತದೆ ಎಂಬುದನ್ನು ಹೊರಡುವ ಮೊದಲೇ ಎಲ್ಲರಿಗೂ ಹೇಳಿರಬೇಕು. ಪಂಕ್ಚರ್ ಹಾಕಲು ಬಲ್ಲ ಒಬ್ಬ ಅನುಭವಿಯನ್ನು ಎಲ್ಲರಿಗಿಂತ ಹಿಂದೆ ಇರುವಂತೆ ನೇಮಿಸಿರಬೇಕು, ಆತನನ್ನು ದಾಟಿ ಹಿಂದೆ ಯಾರೂ ಉಳಿಯಬಾರದು. ವಾರಾಂತ್ಯದಲ್ಲಿ ಬೆಟ್ಟದ ಪ್ರವೇಶಕ್ಕೆ ಆಗಾಗ ನಿರ್ಬಂಧ ಹೇರುವುದರಿಂದ ಬಾಗಿಲು ತೆರೆಯುವ ಹೊತ್ತನ್ನು ವಿಚಾರಿಸಿರಬೇಕು. ನಮ್ಮ ಗುಂಪಿನಲ್ಲಿ ನಾವು ಕೆಲವು ವರ್ಷಗಳಿಂದ ಮಾಡುತ್ತಿರುವುದು ಇಷ್ಟೆ: ಬುಡದಲ್ಲಿ ಎಲ್ಲರೂ ಕಾಲೂರಿ ನೀರು ಕುಡಿಯುತ್ತಾರೆ, ನಿಧಾನವಾಗಿ ಹತ್ತುವವರು ಮೊದಲು ಹೊರಡುತ್ತಾರೆ, ಗಟ್ಟಿಗರು ಹದಿನೈದು ನಿಮಿಷ ಬಿಟ್ಟು ಹೊರಡುತ್ತಾರೆ. ಆಗ ಎರಡೂ ಗುಂಪು ಹೆಚ್ಚು ಕಡಿಮೆ ಒಟ್ಟಿಗೆ ಮೇಲೆ ಮುಟ್ಟುತ್ತವೆ, ಗಟ್ಟಿಗರಿಗೂ ಬೆನ್ನಟ್ಟಲು ಗುರಿಯೊಂದು ಸಿಕ್ಕಂತಾಗುತ್ತದೆ.

ಮುಂದಿನ ಸವಾರಿಗೆ ಮೊದಲು ಈ ಏರ್ಪಾಡನ್ನು ನಿಮ್ಮ ಕ್ಲಬ್ಬಿನ ಮುಂದಾಳುಗಳಿಗೆ ಸೂಚಿಸಿ. ಅವರು ಒಪ್ಪದಿದ್ದರೂ ನೀವು ಕಾಲು ಗಂಟೆ ಮುಂಚೆ, ಹೇಳಿ, ಹೊರಟುಬಿಡಿ. ಕೊನೆಯ ಕಿಲೋಮೀಟರಿನಲ್ಲಿ ಅವರು ನಿಮ್ಮನ್ನು ದಾಟಿ ಹೋಗುವಾಗ ಒಂದು ಪೂರ್ತಿ ವಾಕ್ಯದಲ್ಲಿ ಅವರ ಯೋಗಕ್ಷೇಮ ವಿಚಾರಿಸಿ. ಅಷ್ಟು ಉಸಿರು ಉಳಿದಿದ್ದರೆ ನೀವು ಆ ದಿನ ಸರಿಯಾಗಿ ಹತ್ತಿದ್ದೀರಿ.